ಅಕ್ಕನ ಹಿಂದೆ ಕೂರುವವನು

ನನ್ನ ಬಟ್ಟೆ ಅಂಗಡಿಯಲ್ಲಿ ಕಳ್ಳರನ್ನು ಕಾಯುವುದಕ್ಕೆಂದೇ ಒಬ್ಬ ಮನುಷ್ಯನಿದ್ದಾನೆ. ಇಷ್ಟು ವರ್ಷಗಳಲ್ಲಿ ಒಬ್ಬ ಕಳ್ಳನನ್ನೂ ಹಿಡಿದುಕೊಟ್ಟಿಲ್ಲ. ಆದರೂ ಅವನನ್ನು ಕೆಲಸದಿಂದ ಬಿಡಿಸಿಲ್ಲ, ಬಿಡಿಸುವ ಯೋಚನೆಯೂ ಇಲ್ಲ. ನಾನು ಪುಣ್ಯ ಸಂಪಾದನೆಗೆ ಅಂಗಡಿ ಇಟ್ಟವನಲ್ಲ ಎಂಬುದು ನನ್ನ ಗಿರಾಕಿಗಳಿಗೆಲ್ಲ ಗೊತ್ತು. ಬೆಲೆ ಇಳಿಸಿ ಎಂದವರಿಗೆ ಕುಡಿಯಲು ತಣ್ಣಗೆ ನೀರು ಕೊಟ್ಟು, ಬೆಲೆಯನ್ನು ಇದ್ದಲ್ಲೇ ಇಡುವವನು ನಾನು. ಹಾಗಿದ್ದ ಮೇಲೆ ಆ ಮನುಷ್ಯನಲ್ಲಿ ಏನೋ ಇರಲೇಬೇಕಲ್ಲ?

ಅಂಗಡಿಯಲ್ಲಿ ಎಲ್ಲರೂ ಅವನನ್ನು ನೆರಳಣ್ಣ ಎನ್ನುತ್ತಾರೆ. ಆಳು ದೀಪದ ಕಂಬದಷ್ಟು ಎತ್ತರ. ಬಾಗಿಲು ದಾಟುವಾಗ ತಲೆ ಬಗ್ಗಿಸಿ ಬಗ್ಗಿಸಿ ಕುತ್ತಿಗೆ ಅಲ್ಲೇ ಸ್ವಲ್ಪ ಮುಂದಕ್ಕೆ ನಿಂತುಬಿಟ್ಟಿದೆ. ಇಂಥವನು ಯಾರ ಕಣ್ಣಿಗೂ ಬೀಳದೆ ಇರುತ್ತಾನೆ ಎಂದರೆ ನಂಬುವುದು ಕಷ್ಟ. ನಾನೂ ನಂಬುತ್ತಿರಲಿಲ್ಲ. ಮೊದಲ ಸಲ ಅವನು ಬಂದದ್ದು ಗಿರಾಕಿಯಾಗಿ, ಅಕ್ಕನಿಗೊಂದು ಸೀರೆ ಕೊಳ್ಳಲು. ನಾನು ಮೇಲಿನ ಹಲಗೆಯಿಂದ ಒಂದು ಥಾನು ಬಟ್ಟೆ ಇಳಿಸಿಕೊಂಡು ತಿರುಗಿದರೆ ಬೆನ್ನ ಹಿಂದೆಯೇ ನಿಂತಿದ್ದ. ನಾನು ಕಿರುಚಿದ ರಭಸಕ್ಕೆ ಆ ಕಡೆ ಬಟ್ಟೆ ಅಳೆಯುತ್ತಿದ್ದ ನನ್ನ ಹೆಂಡತಿ ಕೈಯಲ್ಲಿದ್ದ ಅಳತೆಕೋಲನ್ನೇ ದೊಣ್ಣೆಯ ಹಾಗೆ ಹಿಡಿದು ಓಡಿಬಂದಳು.

"ಎಷ್ಟು ಹೊತ್ತಾಯ್ತಪ್ಪಾ ನೀನು ಬಂದು?" ಎಂದೆ, ಎದೆ ನೀವಿಕೊಳ್ಳುತ್ತಾ.

"ಆಗ್ಲೇ ಬಂದೆ. ನೀವು ಮಾತಾಡಿಸ್ತೀರಿ ಅಂತ ಕಾಯ್ತಿದ್ದೆ."

"ಅಂಗಡಿಗೆ ಬಂದೋರು ತಾವೇ ಮಾತಾಡ್ಬೇಕು ಕಣಯ್ಯಾ!"

"ನನಗೆ ಶುರು ಮಾಡೋಕೆ ಬರಲ್ಲ," ಎಂದ. ನಾಚಿಕೆಯಿಂದಲ್ಲ, ನನಗೆ ಈಜು ಬರಲ್ಲ ಎನ್ನುವ ಹಾಗೆ ಹೇಳಿದ.

ಸೀರೆ ಕೊಂಡ. ನಾನು ಅವನನ್ನೇ ಕೆಲಸಕ್ಕೆ ಕೊಂಡೆ. ಆ ದಿನ ಇಬ್ಬರಿಗೂ ವ್ಯಾಪಾರ ಚೆನ್ನಾಗಿಯೇ ಆಯಿತು.

ಅವನ ಕೆಲಸದ ರೀತಿ ನನಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು. ಅಂಗಡಿಯೊಳಗೆ ಅವನು ನಿಲ್ಲುವ ಜಾಗ ಹೊತ್ತಿಗೆ ತಕ್ಕಂತೆ ಬದಲಾಗುತ್ತಿತ್ತು. ಬೆಳಿಗ್ಗೆ ಹಾಸಿಗೆ ಬಟ್ಟೆಗಳ ಪಕ್ಕ, ಮಧ್ಯಾಹ್ನ ಕಂಬದ ಮಗ್ಗುಲಲ್ಲಿ, ಸಂಜೆ ಮೆಟ್ಟಿಲ ಬುಡದಲ್ಲಿ. ಒಮ್ಮೆ ಕೇಳಿದೆ, ಇದೇನು ಹೂವಿನ ಗಿಡದ ಹಾಗೆ ಬಿಸಿಲು ಹುಡುಕಿಕೊಂಡು ತಿರುಗ್ತೀಯಾ ಅಂತ.

"ಬೆಳಕನ್ನ ಮುಖದ ಮೇಲೆ ತಗೋಬೇಕು ಯಜಮಾನ್ರೆ. ಆಗ ನೆರಳು ಬೆನ್ನ ಹಿಂದೆ ಹೋಗಿ ಬೀಳುತ್ತೆ. ಜನಕ್ಕೆ ಮನುಷ್ಯ ಬಂದಿದ್ದು ಗೊತ್ತಾಗಲ್ಲ, ಕಾಲ ಹತ್ರ ನೆರಳು ಬಂದ್ರೆ ಮಾತ್ರ ತಕ್ಷಣ ತಿರುಗಿ ನೋಡ್ತಾರೆ."

"ಸರಿ, ಕದಿಯೋರು ಯಾರು ಅಂತ ಹೇಗೆ ತಿಳಿಯುತ್ತೆ? ಕಣ್ಣು ನೋಡಿನಾ?"

"ಕಣ್ಣಲ್ಲಿ ಎಲ್ಲರೂ ಸುಳ್ಳು ಹೇಳ್ತಾರೆ. ನಾನು ಭುಜ ನೋಡ್ತೀನಿ. ಕದಿಯೋ ಮುಂಚೆ ಉಸಿರು ಎಳ್ಕೊಂಡು ಹಿಡೀತಾರೆ. ಅಕ್ಕ ಹಾಡೋ ಮುಂಚೆ ಹಿಡೀತಾಳಲ್ಲ, ಹಾಗೇ."

ಹಾಗೆ ಯಾರಾದರೂ ಉಸಿರು ಹಿಡಿದದ್ದು ಕಂಡರೆ ಅವನು ಕೂಗುತ್ತಿರಲಿಲ್ಲ, ಕೈ ಹಿಡಿಯುತ್ತಿರಲಿಲ್ಲ. ಹಿಂದಿನಿಂದ ಮೆಲ್ಲಗೆ ಒಂದು ಸ್ವರ ಗುನುಗುತ್ತಿದ್ದ. ಅಷ್ಟೇ. ಮುಂದಿದ್ದವರ ಭುಜ ಸಡಿಲವಾಗುತ್ತಿತ್ತು. ಚೀಲದ ಬಾಯಿಯ ತನಕ ಹೋದ ಟವಲು ಮಡಿಕೆ ಮುರಿಯದೆ ತನ್ನ ಜಾಗಕ್ಕೆ ಮರಳುತ್ತಿತ್ತು. ಗಿರಾಕಿ ಮರ್ಯಾದೆಯಿಂದ ಬಾಗಿಲು ದಾಟುತ್ತಿದ್ದರು. ಎಷ್ಟೋ ಮಂದಿ ಆಮೇಲೆ ಬಂದು ಅದೇ ಟವಲನ್ನು ಕೊಂಡುಹೋಗಿದ್ದಾರೆ. ಬೈದು ಕಳಿಸಿದ್ದರೆ ನನಗೆ ಕಳ್ಳ ಸಿಗುತ್ತಿದ್ದ, ಗಿರಾಕಿ ಸಿಗುತ್ತಿರಲಿಲ್ಲ. ನನ್ನ ಲಾಭ ಯಾವುದರಲ್ಲಿದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇದು ಹಗಲಿನ ಕೆಲಸ. ಅವನ ನಿಜವಾದ ಕೆಲಸ ಬೇರೆ. ಅವನ ಅಕ್ಕ ಹಾಡುಗಾರ್ತಿ, ಊರಿಗೆಲ್ಲ ಹಾಡಿನಮ್ಮ. ಪ್ರತಿ ವರ್ಷ ನಮ್ಮ ಸಭಾಭವನದ ಕಾರ್ಯಕ್ರಮಗಳು ಶುರುವಾಗುವುದೇ ಅವರ ಹಾಡಿನಿಂದ. ಅವರು ಹಾರ್ಮೋನಿಯಂ ಮುಂದಿಟ್ಟುಕೊಂಡು ಬೆಳಕಿನಲ್ಲಿ ಕೂರುತ್ತಾರೆ. ಹಿಂದೆ, ಕತ್ತಲಲ್ಲಿ, ನೆರಳಣ್ಣ. ಅಕ್ಕ ಒಂದು ಸಾಲು ಹಾಡಿದರೆ ಅದರ ಅಡಿಯಲ್ಲೇ, ಕೂದಲೆಳೆಯಷ್ಟು ತಡವಾಗಿ ಅವನ ದನಿ ಬರುತ್ತಿತ್ತು. ಬೇರೆಯಾಗಿ ಕೇಳಿಸುತ್ತಿರಲಿಲ್ಲ. ಒಳ್ಳೆಯ ಬಟ್ಟೆಗೆ ಒಳಗಿನಿಂದ ಕೊಟ್ಟ ಅಸ್ತರಿನ ಹಾಗೆ: ಕಾಣುವುದಿಲ್ಲ, ಆದರೆ ತೆಗೆದುಹಾಕಿದರೆ ಬಟ್ಟೆ ನಿಲ್ಲುವುದಿಲ್ಲ.

ತಾಯಿಯಿಲ್ಲದ ಮನೆ ಅವರದು. ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡೇ ಅಕ್ಕ ಹಾಡು ಕಲಿತದ್ದು. "ನನಗೆ ಹಾಡು ಮೊದಲು ಕೇಳಿಸಿದ್ದು ಕಿವಿಯಿಂದಲ್ಲ ಯಜಮಾನ್ರೆ," ಎಂದಿದ್ದ ಒಮ್ಮೆ. "ಅಕ್ಕನ ಬೆನ್ನಿಂದ. ಇನ್ನೂ ದನಿ ಹೊರಗೆ ಬಂದಿರಲ್ಲ, ಬೆನ್ನಲ್ಲಿ ಆಗಲೇ ಶುರುವಾಗಿರುತ್ತೆ."

ಹೀಗಿರುವಾಗ ಒಂದು ಮಧ್ಯಾಹ್ನ ಅಂಗಡಿಗೆ ಒಬ್ಬರು ಮೇಡಂ ಬಂದರು. ದಪ್ಪ ಕನ್ನಡಕ, ಕೈಯಲ್ಲಿ ಕೊಡೆ. ಪರದೆ ಬಟ್ಟೆಗಳ ಸಾಲಿಗೆ ಹೋದರು. ಒಂದನ್ನು ಮುಟ್ಟಿದರು, ಇನ್ನೊಂದನ್ನು ಸರಿಸಿದರು, ಬೆಲೆಚೀಟಿ ಮಾತ್ರ ನೋಡಲಿಲ್ಲ. ಬೆಲೆ ನೋಡದ ಗಿರಾಕಿಯನ್ನು ನಾನು ಎಂದೂ ನಂಬಿದವನಲ್ಲ. ನೆರಳಣ್ಣನಿಗೂ ಅನುಮಾನ ಬಂದಿರಬೇಕು, ಹಿಂದೆ ಬಿದ್ದ.

ಗಲ್ಲಾದಲ್ಲಿ ಕೂತು ನಾನು ಕಂಡದ್ದನ್ನು ಹೇಗೆ ಹೇಳಲಿ? ಮೇಡಂ ತೂಗುಹಾಕಿದ ಪರದೆಗಳ ಸುತ್ತ ಬಲಕ್ಕೆ ಸುತ್ತಿದರು, ಇವನೂ ಸುತ್ತಿದ. ಅವರು ನಿಂತರು, ಇವನೂ ನಿಂತ. ಮತ್ತೆ ಹೊರಟರು. ಮೂರನೇ ಸುತ್ತಿಗೆ ನೋಡುತ್ತೇನೆ, ಮೇಡಂ ಇವನ ಹಿಂದಿದ್ದಾರೆ! ಇವನು ಅವರನ್ನು ಹಿಂಬಾಲಿಸುತ್ತಿದ್ದಾನೆ, ಅವರು ಇವನನ್ನು. ಇಬ್ಬರೂ ಬೆಕ್ಕಿನ ಹೆಜ್ಜೆ. ನನ್ನ ಹೆಂಡತಿ ಹತ್ತಿರ ಬಂದು ಪಿಸುಗುಟ್ಟಿದಳು: "ರೀ, ಯಾರು ಯಾರನ್ನ ಕಾಯ್ತಿದ್ದಾರೆ?"

"ಸುಮ್ನಿರೇ. ಸುತ್ತು ಮುಗೀಲಿ."

ಮುಗಿಯಿತು. ಅದಕ್ಕೆ ಕಾರಣ ನನ್ನ ಹೆಂಡತಿಯೇ. ಪರದೆಗಳ ಬಣ್ಣ ಮಂಕಾಗಿ ಕಾಣುತ್ತದೆಂದು ಅವಳು ಹಿಂದಿನ ದಿನವಷ್ಟೇ ಕಂಬದ ಮೇಲೆ ದೊಡ್ಡದೊಂದು ದೀಪ ಹಾಕಿಸಿದ್ದಳು. ನೆರಳಣ್ಣ ಎಂದಿನ ಅಭ್ಯಾಸದಲ್ಲಿ ಕಂಬದ ಮಗ್ಗುಲಿಗೆ ಬಂದು ನಿಂತ. ಬೆಳಕು ಈಗ ಬೆನ್ನ ಹಿಂದೆ. ಮೇಡಂ ಹಿಡಿದಿದ್ದ ಬಿಳಿ ಪರದೆಯ ಮೇಲೆ ಅವನ ಉದ್ದನೆಯ ನೆರಳು, ಬಗ್ಗಿದ ಕುತ್ತಿಗೆಯ ಸಮೇತ, ಚಿತ್ರ ಬರೆದ ಹಾಗೆ ಬಂದು ಕೂತಿತು.

ಅವರು ತಿರುಗದೆಯೇ ಹೇಳಿದರು: "ನೆರಳನ್ನ ಮುಂದೆ ಕಳಿಸಿ ನೀವು ಹಿಂದೆ ನಿಂತ್ರೆ ಹೇಗ್ರೀ? ಬನ್ನಿ, ನಿಮ್ಮನ್ನ ನೋಡೋಕೇ ಬಂದಿದ್ದು."

ನೆರಳಣ್ಣ ತಬ್ಬಿಬ್ಬಾದ. ಹೆಂಡತಿ ಸ್ಟೂಲು ತಂದಿಟ್ಟಳು. ಮೇಡಂ ಸಭಾಭವನದ ಸಮಿತಿಯವರಂತೆ, ಇತ್ತೀಚೆಗೆ ಸೇರಿದವರು. ನೇರವಾಗಿ ವಿಷಯಕ್ಕೆ ಬಂದರು. ಕಳೆದ ವರ್ಷದ ಕಾರ್ಯಕ್ರಮದಲ್ಲಿ ಮುಂದಿನ ಸಾಲಿನಲ್ಲಿ ಕೂತವರೊಬ್ಬರು ಗಮನಿಸಿದ್ದರು: ಹಾಡಿನಮ್ಮನ ತುಟಿ ನಿಂತಿತ್ತು, ಹಾಡು ನಿಂತಿರಲಿಲ್ಲ.

"ನಿಮ್ಮ ಅಕ್ಕನ ಹಾಡು ಅಂದ್ರೆ ನನಗೆ ಪ್ರಾಣ," ಎಂದರು ಮೇಡಂ. "ಅದಕ್ಕೇ ಬೇರೆಯೋರನ್ನ ಕಳಿಸ್ದೆ ನಾನೇ ಬಂದೆ. ಆದರೆ ಕೇಳೋಕೆ ಬಂದೋರಿಗೆ ಯಾರ ಹಾಡು ಕೇಳ್ತಿದ್ದೀವಿ ಅಂತ ಗೊತ್ತಿರಬೇಕಲ್ವಾ? ಸಮಿತಿ ಮುಂದೆ ಅವರು ಒಬ್ಬರೇ ಹಾಡ್ಲಿ. ಹಾಡಿದ್ರೆ ಸರಿ. ಇಲ್ದಿದ್ರೆ ಈ ವರ್ಷದಿಂದ ಮೊದಲ ಕಾರ್ಯಕ್ರಮ ಬೇರೆಯೋರಿಗೆ ಕೊಡಬೇಕು ಅಂತ ಎಲ್ಲರೂ ಹೇಳ್ತಿದ್ದಾರೆ."

ಅವರು ಹೋದ ಮೇಲೆ ನೆರಳಣ್ಣ ಬಹಳ ಹೊತ್ತು ಆ ಬಿಳಿ ಪರದೆಯನ್ನು ಮಡಿಸುತ್ತಲೇ ಇದ್ದ. ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದ.

"ನಿಜಾನಾ?" ಎಂದೆ.

"ಶುರು ಮಾಡೋದು ಅಕ್ಕನೇ. ಯಾವ ಹಾಡಿನ ಶುರುವೂ ಅವಳಿಗೆ ಮರೆತಿಲ್ಲ. ನಡುವೆ ದಾರಿ ತಪ್ಪುತ್ತೆ. ನಿಂತುಬಿಡ್ತಾಳೆ. ನಾನು ಹಿಂದಿನ ಸಾಲಿನ ಕೊನೆ ಸ್ವರವನ್ನ ಬಿಡದೆ ಎಳೆದು ಮುಂದಿನ ಸಾಲಿನ ಬಾಗಿಲ ತನಕ ತಗೊಂಡು ಹೋಗಿ ಇಡ್ತೀನಿ. ಅಲ್ಲಿಂದ ಅವಳು ಹಿಡ್ಕೋತಾಳೆ." ಪರದೆಯ ಮಡಿಕೆ ನೀವುತ್ತಾ, "ಹಾಡೋದು ನಿಂತ ದಿನ ಅವಳು ಮಾತಾಡೋದೂ ನಿಲ್ಲಿಸ್ತಾಳೆ ಯಜಮಾನ್ರೆ. ಮನೇಲಿ ಈಗಲೇ ಹಾಡಿನ ಹೊತ್ತು ಬಿಟ್ಟು ಬೇರೆ ಹೊತ್ತಲ್ಲಿ ಎಲ್ಲೋ ಇರ್ತಾಳೆ," ಎಂದ.

ಈ ಸುದ್ದಿಯನ್ನು ಅಕ್ಕನಿಗೆ ತಿಳಿಸಬೇಕಿತ್ತು. ಅದಕ್ಕೆ ನಾನೂ ಬರಬೇಕಂತೆ. ಯಾಕೆ? "ನೀವು ಶುರು ಮಾಡಿ. ಆಮೇಲೆ ನಾನು ಹೇಳ್ತೀನಿ." ನಾನು ತಲೆ ಚಚ್ಚಿಕೊಂಡು ಚಪ್ಪಲಿ ಮೆಟ್ಟಿದೆ.

ಗಡಿಯಾರ ರಿಪೇರಿ ಅಂಗಡಿಯ ಮೇಲೆ ಅವರ ಎರಡು ಕೋಣೆಗಳು. ಕೆಳಗೆ ನೂರು ಗಡಿಯಾರಗಳು ನೂರು ಥರ ಟಿಕ್ಕೆನ್ನುತ್ತವೆ. ಇವರು ಮೇಲೆ ಕೂತು ತಾಳ ತಪ್ಪದೆ ಹಾಡುವುದೇ ಒಂದು ಸಾಹಸ. ಹಾಡಿನಮ್ಮ ಕಿಟಕಿಯ ಹತ್ತಿರ ಹಾರ್ಮೋನಿಯಂ ಒರೆಸುತ್ತಿದ್ದರು. ಒರೆಸುವ ಬಟ್ಟೆ ನಮ್ಮ ಅಂಗಡಿಯದೇ, ಒಳ್ಳೆಯ ಹತ್ತಿ. ನಾನು ಗಂಟಲು ಸರಿಮಾಡಿಕೊಂಡು, "ಅಮ್ಮಾ, ಸಮಿತಿಯವರು ಬಂದಿದ್ರು..." ಎಂದೆ. ಅಷ್ಟು ಸಿಕ್ಕಿದ್ದೇ ತಡ, ನೆರಳಣ್ಣ ಒಂದೂ ಬಿಡದೆ ಎಲ್ಲ ಹೇಳಿ ಮುಗಿಸಿದ.

ಅವರು ಕೇಳಿಸಿಕೊಂಡರು. ಮುಖದಲ್ಲಿ ಏನೂ ಬದಲಾಗಲಿಲ್ಲ.

"ನಾನು ನಿಂತಾಗ ನಿನಗೆ ಗೊತ್ತಾಗುತ್ತೇನೋ?"

"ಗೊತ್ತಾಗುತ್ತೆ ಅಕ್ಕಾ."

"ಎಷ್ಟು ದಿನದಿಂದ?"

ಹಾಡಿನಮ್ಮ ಹಾರ್ಮೋನಿಯಂನ ಒಂದು ಸ್ವರದ ಮೇಲೆ ಬೆರಳೊತ್ತಿದರು, ಬಿಟ್ಟರು. "ನನ್ನ ಹತ್ರ ಹೇಳ್ಬೇಕಿತ್ತು ಕಣೋ. ನಾನು ಸರಿಯಾಗಿ ಹಾಡ್ತಿದ್ದೀನಿ ಅಂದ್ಕೊಂಡು ಖುಷಿಯಾಗಿದ್ದೆ. ದೊಡ್ಡ ಪೆದ್ದಿ." ನಗುತ್ತಲೇ ಹೇಳಿದರು. ನಂತರ, "ಸರಿ, ಒಬ್ಬಳೇ ಹಾಡ್ತೀನಿ. ಆದರೆ ಇವನು ಬೆನ್ನ ಹಿಂದೆ ಕೂತಿರಬೇಕು ಅಂತ ಹೇಳಿ. ಬಾಯಿ ಬಿಡಲ್ಲ. ಕೂತಿದ್ರೆ ಸಾಕು," ಎಂದರು.

ಸಮಿತಿ ಒಪ್ಪಿತು. ಆ ದಿನ ನಾನೂ ಭವನಕ್ಕೆ ಹೋದೆ. ಸಂಗೀತಕ್ಕಾಗಿ ಎಂದು ಹೇಳಿಕೊಳ್ಳಬಹುದು, ಆದರೆ ಭವನಕ್ಕೆ ಹೊಸ ಪರದೆಗಳನ್ನು ಒದಗಿಸುವ ಕೆಲಸ ನನಗೆ ಸಿಕ್ಕಿತ್ತು. ಅಳತೆ ತೆಗೆಯಲೆಂದು ವೇದಿಕೆಯ ಹಿಂದಿನ ದೊಡ್ಡ ಕಿಟಕಿಯ ಹಳೆಯ ಪರದೆಯನ್ನು ಬೆಳಿಗ್ಗೆಯೇ ಇಳಿಸಿದ್ದೆ. ಧೂಳು ಸೇರಿ ಹಲಗೆಯಷ್ಟು ಗಟ್ಟಿಯಾಗಿದ್ದ ಪರದೆ. ಅದರ ಹಿಂದೆ ಕಿಟಕಿಯೊಂದಿದೆ ಎಂಬುದೇ ಸಮಿತಿಯ ಅರ್ಧ ಜನಕ್ಕೆ ಗೊತ್ತಿರಲಿಲ್ಲ.

ಸಮಿತಿಯವರು ಕುರ್ಚಿಗಳಲ್ಲಿ ಸಾಲಾಗಿ ಕೂತರು. ಅಧ್ಯಕ್ಷರು ಕೈಕಟ್ಟಿದರು. ಮೇಡಂ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ನನ್ನ ಹೆಂಡತಿ ಅಳತೆಪಟ್ಟಿ ಹಿಡಿದುಕೊಂಡು ನನ್ನ ಪಕ್ಕ ನಿಂತಳು. ವೇದಿಕೆಯ ಮೇಲೆ ಹಾಡಿನಮ್ಮ, ಹಿಂದೆ ನೆರಳಣ್ಣ, ತುಟಿಗೆ ಬೀಗ ಹಾಕಿಕೊಂಡು.

ಹಾಡು ಶುರುವಾಯಿತು. "ತಡವಾಗಿ ಬಂದೆ ಯಾಕೆ, ತಂಗಾಳಿ..." ಅವರದೇ ಹಾಡು, ಊರಿಗೆಲ್ಲ ಗೊತ್ತಿರುವಂಥದ್ದು. ಪಲ್ಲವಿ ಹೂವಿನ ಹಾಗೆ ಬಿಚ್ಚಿಕೊಂಡಿತು. ಅಸ್ತರಿಲ್ಲದ ದನಿ ಸ್ವಲ್ಪ ತೆಳುವಾಗಿತ್ತು, ಆದರೆ ಹರಿದಿರಲಿಲ್ಲ. ಮೊದಲ ಚರಣ ದಾಟಿತು. ನಾನು ಉಸಿರು ಬಿಟ್ಟೆ. ಎರಡನೇ ಚರಣದ ಅರ್ಧದಲ್ಲಿ ಹಾಡು ನಿಂತಿತು.

ಹಾರ್ಮೋನಿಯಂ ಒಂದೇ ಸ್ವರ ಹಿಡಿದು ಕೊರಗುತ್ತಿತ್ತು. ನಾನು ನೆರಳಣ್ಣನನ್ನು ನೋಡಿದೆ. ಅವನ ಭುಜಗಳು ಮೇಲೆ ಏರಿ ಹಾಗೇ ನಿಂತಿದ್ದವು, ಉಸಿರು ಹಿಡಿದಿದ್ದ. ಒಂದು ಸ್ವರ, ಅದನ್ನು ಮುಂದಿನ ಬಾಗಿಲ ತನಕ ಒಯ್ದು ಇಟ್ಟರೆ ಸಾಕಿತ್ತು. ಆದರೆ ಬಾಯಿ ಬಿಡಬಾರದು ಎಂದು ಅಕ್ಕ ಮಾತು ಕೊಟ್ಟಿದ್ದರು. ಅಕ್ಕ ನಿಂತರು, ಅವನೂ ನಿಂತ. ಬದುಕಿಡೀ ಮಾಡಿದ್ದು ಅದನ್ನೇ ಅಲ್ಲವೇ.

ಅಧ್ಯಕ್ಷರು ಕೆಮ್ಮಿದರು. "ಸಾಕಮ್ಮಾ, ತೊಂದರೆ ತಗೋಬೇಡಿ..."

ಹಾಡಿನಮ್ಮ ಅವರ ಮಾತು ಕೇಳುತ್ತಲೇ ಇರಲಿಲ್ಲ. ವೇದಿಕೆಯ ನೆಲವನ್ನು ನೋಡುತ್ತಿದ್ದರು. ಹೊತ್ತು ಇಳಿಯುತ್ತಿತ್ತು. ಬೆತ್ತಲಾಗಿದ್ದ ಆ ಕಿಟಕಿಯಿಂದ ಬಿಸಿಲು ನುಗ್ಗಿ ಇಬ್ಬರ ಬೆನ್ನಿಗೂ ಬಿದ್ದಿತ್ತು. ಹಾಡಿನಮ್ಮನ ಮುಂದೆ ನೆಲದ ಮೇಲೆ ಅವರದೇ ನೆರಳು. ಅದನ್ನು ದಾಟಿ, ಹಾರ್ಮೋನಿಯಂ ದಾಟಿ, ವೇದಿಕೆಯ ಅಂಚಿನ ತನಕ ಆ ಕಂಬದಂಥ ತಮ್ಮನ ನೆರಳು.

"ಲೋ," ಎಂದರು, ಮನೆಯಲ್ಲಿ ಕರೆಯುವ ಹಾಗೆಯೇ. "ಇಲ್ನೋಡೋ. ನಿನ್ನ ನೆರಳು ಆಗಲೇ ನನ್ನ ದಾಟ್ಕೊಂಡು ಹೋಗಿ ಮುಂದೆ ಕೂತಿದೆ. ನೀನೊಬ್ಬ ಅಲ್ಲೇನು ಮಾಡ್ತಿದ್ದೀಯಾ?"

"ಅಕ್ಕಾ..."

"ಎದ್ದು ಬಾ ಇಲ್ಲಿ. ಪಕ್ಕಕ್ಕೆ."

ನೆರಳಣ್ಣ ಬಂದ. ಬರುವಾಗ ಬಾಗಿಲೇ ಇಲ್ಲದ ಕಡೆಯೂ ತಲೆ ಬಗ್ಗಿಸಿದ. ಅಕ್ಕ ಸರಿದು ಜಾಗ ಕೊಟ್ಟರು, ಸಮಿತಿಯ ಕಡೆ ತಿರುಗಿ, "ಹೌದಪ್ಪಾ, ನನಗೆ ಮರೆತುಹೋಗುತ್ತೆ. ಅವನು ದಾಟಿಸ್ತಿದ್ದ. ನನಗೂ ಹೇಳ್ದೆ ಮಾಡ್ತಿದ್ದ. ಮುಚ್ಚಿಟ್ಟಿದ್ದು ತಪ್ಪೇ. ಈಗ ತೆರೆದಿಟ್ಟು ಹಾಡ್ತೀವಿ, ಕೇಳಿ," ಎಂದರು. ತಮ್ಮನಿಗೆ, "ಶುರು ಮಾಡು."

ಅವನು ಬಾಯಿ ತೆರೆದ. ಏನೂ ಬರಲಿಲ್ಲ. ಮತ್ತೆ ತೆರೆದ. ಅಧ್ಯಕ್ಷರು ಮೇಡಂ ಕಡೆ ನೋಡಿದರು, ಮೇಡಂ ಅವನ ಕಡೆ. ನನಗಂತೂ ಕೂಗಿ ಹೇಳಬೇಕೆನಿಸಿತು, ಸ್ವಾಮೀ, ಈ ಮನುಷ್ಯನಿಗೆ ಶುರು ಮಾಡೋಕೆ ಬರಲ್ಲ, ಅಂಗಡಿಯಲ್ಲಿ ನಮಸ್ಕಾರ ಸಹ ಮೊದಲು ಹೇಳಿದವನಲ್ಲ ಅಂತ. ಹೆಂಡತಿ ನನ್ನ ತೋಳು ಹಿಡಿದು ಅದುಮಿದಳು.

"ಬರಲ್ಲ ಅಕ್ಕಾ."

"ಗೊತ್ತು ಕಣೋ. ನನಗೆ ಮುಗಿಸೋಕೆ ಬರಲ್ಲ, ನಿನಗೆ ಶುರು ಮಾಡೋಕೆ ಬರಲ್ಲ. ಒಳ್ಳೆ ಜೋಡಿ." ಅವರು ಅವನ ಬೆನ್ನ ಮೇಲೆ ಅಂಗೈ ಇಟ್ಟರು. "ತಡವಾಗಿ..." ಎಂದು ಒಂದೇ ಒಂದು ಪದ ಹಾಡಿದರು. ಅವನಿಗೆ ಅಷ್ಟು ಸಾಕಾಯಿತು.

ಅವನ ದನಿಯನ್ನು ಒಂಟಿಯಾಗಿ ನಾನು ಕೇಳಿದ್ದು ಅದೇ ಮೊದಲು. ಅಂಗಡಿಯಲ್ಲಿ ಎಷ್ಟೋ ಸಲ ಗುನುಗಿದ್ದನ್ನು ಕೇಳಿದ್ದೇನೆ, ಹಾಡಾಗಿ ಕೇಳಿರಲಿಲ್ಲ. ದಪ್ಪ ದನಿ, ಹೊಳಪಿಲ್ಲದ್ದು. ಆದರೆ ಎಲ್ಲಿ ಕಾಲಿಡಬೇಕೆಂದು ಪ್ರತಿ ಹೆಜ್ಜೆಗೂ ತಿಳಿದ ದನಿ. ಅಕ್ಕ ಈಗ ಅವನ ಅಡಿಯಲ್ಲಿ, ಕೂದಲೆಳೆ ತಡವಾಗಿ ಬರುತ್ತಿದ್ದರು. ಎರಡನೇ ಚರಣದ ಆ ಜಾಗ ಬಂತು. ಅವರ ದನಿ ನಿಂತಿತು. ಅವರು ಅಡಗಿಸಲಿಲ್ಲ, ತಲೆಯಾಡಿಸುತ್ತಾ ತಮ್ಮನ ಮುಖ ನೋಡಿದರು. ಅವನು ದಾಟಿಸಿದ. ಆಚೆ ದಡದಲ್ಲಿ ಅವರು ಮತ್ತೆ ಸೇರಿಕೊಂಡರು. ಎಲ್ಲರೂ ನೋಡುತ್ತಿದ್ದಂತೆಯೇ ನಡೆಯಿತು, ಯಾರಿಗೂ ಅದೊಂದು ಕೊರತೆ ಎನ್ನಿಸಲಿಲ್ಲ. ಕೈ ಹಿಡಿದು ಯಾರನ್ನೋ ರಸ್ತೆ ದಾಟಿಸುವುದನ್ನು ಕಂಡಾಗ ಯಾರು ತಾನೇ ತಪ್ಪು ಹುಡುಕುತ್ತಾರೆ?

ಹಾಡು ಮುಗಿದಾಗ ಅಧ್ಯಕ್ಷರು ಕಟ್ಟಿದ್ದ ಕೈ ಬಿಚ್ಚಿದ್ದರು. "ಆದರೆ ನಿಯಮದ ಪ್ರಕಾರ..." ಎಂದು ಶುರು ಮಾಡಿದರು.

ಮೇಡಂ ಕನ್ನಡಕ ಹಾಕಿಕೊಂಡರು. "ನಿಯಮ ಇರೋದು ಯಾರು ಹಾಡ್ತಿದ್ದಾರೆ ಅಂತ ಗೊತ್ತಾಗ್ಲಿ ಅಂತ. ಈಗ ಗೊತ್ತಾಯ್ತಲ್ಲ. ಇಬ್ಬರೂ ಹಾಡ್ತಿದ್ದಾರೆ. ಇಬ್ಬರಿಗೂ ಮುಂದೇನೇ ಜಾಗ ಹಾಕ್ಸಿ. ಹಿಂದೆ ಕತ್ತಲಲ್ಲಿ ಮಾತ್ರ ಯಾರೂ ಕೂರೋದು ಬೇಡ." ನನ್ನ ಕಡೆ ತಿರುಗಿ, "ನೀವು ಆ ಕಿಟಕಿಗೆ ದಪ್ಪ ಪರದೆ ಹಾಕ್ಬೇಡಿ. ತೆಳು ಬಟ್ಟೆ ಸಾಕು," ಎಂದರು.

ದಪ್ಪ ಪರದೆಗೂ ತೆಳು ಬಟ್ಟೆಗೂ ಇರುವ ಬೆಲೆಯ ಅಂತರ, ಸಂಗೀತದಿಂದ ನನಗೆ ಆದ ನಷ್ಟ ಅಷ್ಟೇ. ದೊಡ್ಡದೇನಲ್ಲ ಎಂದು ಹೆಂಡತಿ ಹೇಳುತ್ತಾಳೆ. ಅಂಗಡಿ ಅವಳ ತಂದೆಯದಲ್ಲವಲ್ಲ.

ಕಾರ್ಯಕ್ರಮದ ಸಂಜೆ ಭವನ ತುಂಬಿತ್ತು. ವೇದಿಕೆಯ ಮೇಲೆ ಅಕ್ಕಪಕ್ಕ ಎರಡು ಆಸನ. ತೆಳು ಪರದೆಯ ಮೂಲಕ ಇಳಿಬಿಸಿಲು ಬಂದು ಎರಡು ನೆರಳುಗಳನ್ನು ನೆಲದ ಮೇಲೆ ಒಂದೇ ಮಾಡಿ ಹಾಸಿತ್ತು. ಹಾಡಿನಮ್ಮ ಪ್ರತಿ ಹಾಡಿನ ಮೊದಲ ಪದ ಹಾಡಿದರು, ತಮ್ಮ ಹಿಡಿದುಕೊಂಡ. ಯಾವ ಸಾಲಿನಲ್ಲಿ ಯಾರು ಮುಂದಿದ್ದರು ಎಂದು ಕೇಳಿದರೆ ನನಗೆ ಹೇಳಲು ಬಾರದು. ಲೆಕ್ಕವಿಡುವುದೇ ನನ್ನ ಕಸುಬು. ಆ ಸಂಜೆ ಇಡಲಿಲ್ಲ.

ಮುಗಿದ ಮೇಲೆ ಎಲ್ಲರೂ ಹೊರಗೆ ಹೊರಟರು. ಬಾಗಿಲ ಹತ್ತಿರ ಜನ ತಟ್ಟನೆ ನಿಂತುಬಿಟ್ಟರು. ಏನೆಂದು ಕತ್ತು ನೀಡಿ ನೋಡಿದರೆ, ಹೊಸ್ತಿಲಲ್ಲಿ ನೆರಳಣ್ಣ ತಲೆ ಬಗ್ಗಿಸಿ, ಅಕ್ಕ ಮುಂದೆ ಹೋಗಲಿ ಎಂದು ಪಕ್ಕಕ್ಕೆ ಸರಿದು ನಿಂತಿದ್ದಾನೆ. ಅಕ್ಕ, ತಮ್ಮ ಮುಂದೆ ಹೋಗಲಿ ಎಂದು ನಿಂತಿದ್ದಾರೆ. ಇಬ್ಬರೂ ಅಲುಗುತ್ತಿಲ್ಲ.

"ಯಾರಾದ್ರೂ ಒಬ್ರು ಹೋಗ್ರಪ್ಪಾ!" ಎಂದು ನನ್ನ ಹೆಂಡತಿ ಹಿಂದಿನಿಂದ ಕೂಗಿದಳು. "ಹಿಂದೆ ಜನ ಕಾಯ್ತಿದ್ದಾರೆ!"

ಹಾಡಿನಮ್ಮ ನಕ್ಕು ತಮ್ಮನ ಬೆನ್ನಿಗೆ ಕೈಯಿಟ್ಟು ಮೆಲ್ಲಗೆ ತಳ್ಳಿದರು. ಅವನು ಹೊಸ್ತಿಲು ದಾಟಿದ. ಎರಡು ಹೆಜ್ಜೆ ಹೋಗಿ ನಿಂತ, ತಿರುಗಿ ನೋಡಿದ. ಅವರು ಬರುತ್ತಿದ್ದರು.